ವಾರ್ಡಿನ ರಸ್ತೆಗಳ ಪಟ್ಟಿ ಕೇಳಿದ್ದಾರೆ. ಯಾವ ರಸ್ತೆ ಮೊದಲು ಅಂತ ಹೇಗೆ ತೀರ್ಮಾನಿಸೋದು?

ಬಡಾವಣೆ_ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಮ್ಮದು ಎರೆಮಣ್ಣಿನ ಸೀಮೆಯ ಒಂದು ನಗರಸಭೆ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ವಾರ್ಡಿನ ರಸ್ತೆಗಳ ಪಟ್ಟಿ ಕೊಡಿ, ಯಾವುದು ಮೊದಲು ಯಾವುದು ಆಮೇಲೆ ಅಂತಲೂ ಬರೆಯಿರಿ ಎಂದು ನಮ್ಮ ಬಡಾವಣೆಯ ಸಂಘಕ್ಕೆ ಹೇಳಿದ್ದಾರೆ. ನಮ್ಮನ್ನು ಕೇಳಿದ್ದಕ್ಕೆ ಖುಷಿಯೇ ಆಯಿತು.

ಸಭೆ ಕರೆದೆವು. ಬಂದವರೆಲ್ಲ ತಮ್ಮ ಮನೆ ಮುಂದಿನ ರಸ್ತೆಯೇ ಎಲ್ಲಕ್ಕಿಂತ ಹಾಳಾಗಿದೆ ಎಂದರು. ಜೋರಾಗಿ ಮಾತಾಡಿದವರ ರಸ್ತೆ ಪಟ್ಟಿಯ ಮೇಲಕ್ಕೆ ಹೋಯಿತು. ಶಾಲೆ ಹಿಂದಿನ ಓಣಿಯಿಂದ ಯಾರೂ ಬಂದಿರಲಿಲ್ಲ, ಆ ಓಣಿ ಪಟ್ಟಿಯಲ್ಲೇ ಇಲ್ಲ. ಮಳೆ ಬಂದರೆ ಅಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಈ ಪಟ್ಟಿಗೆ ಸಹಿ ಹಾಕಲು ನನಗೆ ಮನಸ್ಸಿಲ್ಲ.

ರಸ್ತೆ ಎಷ್ಟು ಹಾಳಾಗಿದೆ ಅಂತ ಅಳೆಯುವ ಒಂದು ಕ್ರಮ ಇರಬೇಕಲ್ವಾ? ನಮ್ಮಂಥ ಸಾಮಾನ್ಯ ಜನ ನಡೆದು ನೋಡಿ ಅಂಕ ಕೊಡಬಹುದಾ? ಕೊಟ್ಟರೆ ಎಂಜಿನಿಯರುಗಳು ಅದನ್ನು ಒಪ್ಪುತ್ತಾರಾ? ತಿಳಿದವರು ದಯವಿಟ್ಟು ಹೇಳಿ.

ಗಾಡಿ_ಬಸಣ್ಣ
ಗುಂಡಿ ಎಣಿಸಿ ಅಕ್ಕ. ಯಾವ ರಸ್ತೆಯಲ್ಲಿ ಗುಂಡಿ ಜಾಸ್ತಿಯೋ ಅದು ಮೊದಲು. ಇದಕ್ಕೆ ಶಾಸ್ತ್ರ ಬೇಕಾಗಿಲ್ಲ.

ನಿವೃತ್ತ_ಎಇಇ
ಬಸಣ್ಣ, ಗುಂಡಿ ಅನ್ನೋದು ರೋಗದ ಕೊನೆಯ ಹಂತ. ಮೊದಲು ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅದರಲ್ಲಿ ನೀರು ಇಳಿಯುತ್ತದೆ. ಕೆಳಗಿನ ಜಲ್ಲಿ ಪದರ ಮೆತ್ತಗಾಗುತ್ತದೆ. ಅದರ ಮೇಲೆ ನೀರಿನ ಟ್ಯಾಂಕರ್ ಒಂದು ಹೋದರೆ ಬಿರುಕು ಒಂದಕ್ಕೊಂದು ಕೂಡಿಕೊಂಡು ಮೊಸಳೆ ಚರ್ಮದಂತೆ ಆಗುತ್ತದೆ. ಆಮೇಲೆ ತುಂಡು ಕಿತ್ತು ಗುಂಡಿ. ಗುಂಡಿ ಮಾತ್ರ ಎಣಿಸಿದರೆ ಕೈ ತಪ್ಪಿಹೋದ ರಸ್ತೆಗಳ ಲೆಕ್ಕ ಸಿಗುತ್ತದೆ. ಇನ್ನೂ ಉಳಿಸಬಹುದಾದ ರಸ್ತೆಗಳು ಲೆಕ್ಕಕ್ಕೇ ಬರುವುದಿಲ್ಲ.

ಮೇಡಂ, ಕ್ರಮ ಖಂಡಿತ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 82 ಎನ್ನುವ ಸಂಹಿತೆ ಡಾಂಬರು ರಸ್ತೆಯ ನಿರ್ವಹಣೆಗೇ ಇರುವುದು. 2015ರಲ್ಲಿ ಅದನ್ನು ಪರಿಷ್ಕರಿಸಿದರು. ಬಿರುಕು, ಜಲ್ಲಿ ಕೀಳುವುದು, ಗುಂಡಿ, ತೇಪೆ, ಕುಸಿತ, ಚಕ್ರದ ಜಾಡಿನ ತಗ್ಗು, ಇವನ್ನೆಲ್ಲ ನೋಡಿ ರಸ್ತೆಯನ್ನು ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟಿದೆ ಅಂತ ಮೂರು ದರ್ಜೆಗೆ ಹಾಕುತ್ತಾರೆ. ಹೆದ್ದಾರಿಯಾದರೆ ಬಿರುಕು ಬಿಟ್ಟ ಜಾಗ ಶೇ. 10 ದಾಟಿದರೆ ಕೆಟ್ಟ ದರ್ಜೆ, ಶೇ. 5ರ ಒಳಗಿದ್ದರೆ ಒಳ್ಳೆಯದು. ಜಾಡಿನ ತಗ್ಗು 10 ಮಿ.ಮೀ. ದಾಟಿದರೂ ಕೆಟ್ಟದ್ದೇ. ನಗರದ ರಸ್ತೆಗಳಿಗೆ ಬೇರೆ ಪಟ್ಟಿ ಇದೆ.

ಕಣ್ಣಿನಿಂದ ನೋಡಿಯೇ ಇದರ ಮುಕ್ಕಾಲು ಭಾಗ ಮಾಡಬಹುದು. ಒಂದು ಟೇಪು, ಒಂದು ನೇರವಾದ ಮೂರು ಮೀಟರಿನ ಅಲ್ಯೂಮಿನಿಯಂ ಪಟ್ಟಿ, ಒಂದು ಸ್ಕೇಲು ಸಾಕು. ಪಟ್ಟಿಯನ್ನು ರಸ್ತೆಗೆ ಅಡ್ಡಲಾಗಿ ಇಡಿ. ಚಕ್ರದ ಜಾಡಿನಲ್ಲಿ ಪಟ್ಟಿಗೂ ರಸ್ತೆಗೂ ನಡುವೆ ಎಷ್ಟು ಸಂದಿ ಇದೆ ಅಂತ ಸ್ಕೇಲು ತೂರಿಸಿ ನೋಡಿ. ಅದೇ ನಿಮ್ಮ ತಗ್ಗು.

ಮಲ್ನಾಡ್_ಮಾಣಿ
ಸಾರ್ ಹೇಳಿದ್ದು ಸರಿ. ಆದರೆ ನಮ್ಮ ಕಡೆ ರಸ್ತೆ ನೋಡುವ ಮೊದಲು ಚರಂಡಿ ನೋಡಬೇಕು. ಕಾಲು ಭಾಗ ಹಣವನ್ನು ಮೋರಿ ಬಿಡಿಸಲಿಕ್ಕೆ ಹಾಕಿದರೆ ರಸ್ತೆ ತನ್ನಷ್ಟಕ್ಕೆ ಉಳಿಯುತ್ತದೆ.

ಟೆಕ್_ಗಿರಿ
ನಡೆದು ನೋಡೋದು ಹಳೇ ಕ್ರಮ. ಈಗ ಫೋನಿನಲ್ಲೇ ಆ್ಯಪ್ ಇವೆ. ಕಾರಿನ ಡ್ಯಾಶ್‌ಬೋರ್ಡಿಗೆ ಫೋನ್ ಕಚ್ಚಿಸಿ ಓಡಿಸಿದರೆ ಒಳಗಿನ ಆಕ್ಸಿಲರೋಮೀಟರ್ ಕುಲುಕಾಟ ಅಳೆಯುತ್ತದೆ, ಜಿಪಿಎಸ್ ಜಾಗ ತೋರಿಸುತ್ತದೆ. ರಸ್ತೆಯ ಒರಟುತನಕ್ಕೆ ಐಆರ್‌ಐ ಅಂತ ಅಂತಾರಾಷ್ಟ್ರೀಯ ಅಳತೆಯೇ ಇದೆ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗದಿಂದ ಬಂದದ್ದು, ವಿಶ್ವಬ್ಯಾಂಕ್ ಅದನ್ನು ಎಲ್ಲ ಕಡೆ ಬಳಕೆಗೆ ತಂದಿತು. ಪ್ರತಿ ಕಿ.ಮೀ.ಗೆ ಎಷ್ಟು ಮೀಟರ್ ಏರಿಳಿತ ಅಂತ ಹೇಳುತ್ತದೆ. ಒಂದು ಬೆಳಿಗ್ಗೆಯಲ್ಲಿ ಇಡೀ ವಾರ್ಡ್ ಮುಗಿಯುತ್ತದೆ. ಮನುಷ್ಯರ ಅಭಿಪ್ರಾಯ ಬರುವುದೇ ಇಲ್ಲ. ಅಕ್ಕನ ಸಭೆಯ ಜಗಳವೂ ಇರುವುದಿಲ್ಲ.

ಗಾಡಿ_ಬಸಣ್ಣ
ಗಿರಿ ಅವರೇ, ನಾನು ದಿನಾ ಆಟೋ ಓಡಿಸುವವನು. ಗುಂಡಿ ಕಂಡರೆ ಯಾರಾದರೂ ಅದರ ಮೇಲೆ ಹತ್ತಿಸುತ್ತಾರಾ? ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತೇವೆ. ನಿಮ್ಮ ಫೋನಿಗೆ ಆ ಗುಂಡಿ ಗೊತ್ತೇ ಆಗಲ್ಲ.

ಸಿವಿಲ್_ವಿದ್ಯಾರ್ಥಿ_ಎಂಟೆಕ್
ಬಸಣ್ಣ ಅವರದು ತುಂಬ ಸರಿಯಾದ ಮಾತು. ಇನ್ನೂ ಒಂದಿದೆ. ಐಆರ್‌ಐ ಹೆದ್ದಾರಿಗೆ ಹೇಳಿ ಮಾಡಿಸಿದ ಅಳತೆ. ವಾರ್ಡಿನ ಓಣಿಯಲ್ಲಿ ನೂರು ಮೀಟರಿಗೆ ಒಂದು ಹಂಪು, ನಡುವೆ ಮ್ಯಾನ್‌ಹೋಲ್, ಎದುರಿಗೆ ಹಸು. ವೇಗ ಒಂದೇ ಸಮ ಇರುವುದಿಲ್ಲ. ವೇಗ ಬದಲಾದರೆ ಫೋನಿನ ಲೆಕ್ಕವೂ ಬದಲಾಗುತ್ತದೆ. ನಮ್ಮಲ್ಲಿ ಒರಟುತನ ಅಳೆಯಲು ಬಳಸುವ ಬಂಪ್ ಇಂಟಿಗ್ರೇಟರ್ ಗಾಡಿಯನ್ನೇ ಗಂಟೆಗೆ 32 ಕಿ.ಮೀ. ವೇಗದಲ್ಲಿ ಒಂದೇ ಸಮ ಎಳೆಯಬೇಕು. ಓಣಿಯಲ್ಲಿ ಅದು ಆಗದ ಕೆಲಸ.

ಅಮೆರಿಕದ ಬೋಸ್ಟನ್ ನಗರದಲ್ಲಿ 2012ರಲ್ಲಿ ಸ್ಟ್ರೀಟ್ ಬಂಪ್ ಅಂತ ಇಂಥದ್ದೇ ಆ್ಯಪ್ ತಂದರು. ಫೋನ್ ಕುಲುಕಿದ ಜಾಗಗಳನ್ನು ಹೋಗಿ ನೋಡಿದರೆ ಎಷ್ಟೋ ಕಡೆ ಗುಂಡಿಯೇ ಇರಲಿಲ್ಲ, ತಗ್ಗಿಗೆ ಇಳಿದ ಮ್ಯಾನ್‌ಹೋಲ್ ಮುಚ್ಚಳ ಇತ್ತು. ಅದಕ್ಕಿಂತ ದೊಡ್ಡ ತೊಡಕು ಬೇರೆ: ಸ್ಮಾರ್ಟ್‌ಫೋನ್, ಕಾರು ಎರಡೂ ಇರುವವರ ಏರಿಯಾದಿಂದ ಮಾಹಿತಿ ಜಾಸ್ತಿ ಬರುತ್ತದೆ, ಬಡವರ, ವಯಸ್ಸಾದವರ ಏರಿಯಾದಿಂದ ಕಡಿಮೆ. ಅಕ್ಕನ ಸಭೆಯಲ್ಲಿ ಆದದ್ದೇ ಅಲ್ಲೂ ಆಗುವ ಅಪಾಯ ಇತ್ತು. ಶಾಲೆ ಹಿಂದಿನ ಓಣಿ ಅಲ್ಲೂ ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು.

ಟೆಕ್_ಗಿರಿ
ಅದಕ್ಕೇ ಎಲ್ಲ ಓಣಿಯಲ್ಲೂ ಒಂದೇ ಗಾಡಿ, ಒಂದೇ ಫೋನ್ ತಗೊಂಡು ಹೋಗಬೇಕು. ಜನರ ಫೋನಿಗೆ ಕಾಯೋದು ಬೇಡ. ಕುಲುಕಾಟ ಬೇಡ ಅನ್ನುವುದಾದರೆ ವಿಡಿಯೋನಾದರೂ ಮಾಡಿಕೊಳ್ಳಿ. ಜಿಪಿಎಸ್ ಇರುವ ವಿಡಿಯೋ ಒಂದು ದಾಖಲೆ. ನಾಳೆ ಯಾರಾದರೂ ಈ ರಸ್ತೆ ಹಾಗಿರಲಿಲ್ಲ ಎಂದರೆ ತೋರಿಸಬಹುದು.

ನಿವೃತ್ತ_ಎಇಇ
ವಿಡಿಯೋ ಒಳ್ಳೆಯ ಮಾತು, ಅದನ್ನು ಖಂಡಿತ ಮಾಡಿ.

ಓಣಿಯ_ದನಿ
ದೂರುಗಳ ಬಗ್ಗೆಯೂ ಒಂದು ಮಾತು. ಪುರಸಭೆ, ನಗರಸಭೆಗಳಿಗೆ ಜನಹಿತದಂಥ ದೂರಿನ ಆ್ಯಪ್ ಇವೆ. ಬಂದ ದೂರು ಎಣಿಸಿ ರಸ್ತೆ ಆರಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು ದೂರು ಹಾಕುತ್ತಾ ಕೂರುವುದಿಲ್ಲ. ಎಷ್ಟು ಹೇಳಿದರೂ ಆಗಲ್ಲ ಅಂತ ಸುಮ್ನೆ ಆದವರೂ ದೂರು ಹಾಕುವುದಿಲ್ಲ. ದೂರು ಇಲ್ಲ ಅಂದರೆ ರಸ್ತೆ ಚೆನ್ನಾಗಿದೆ ಅಂತ ಅಲ್ಲ.

ಮಿಷಿಗನ್_ಕನ್ನಡಿಗ
ನಾನಿರುವ ಮಿಷಿಗನ್ ರಾಜ್ಯದಲ್ಲಿ ಕಣ್ಣಿನಿಂದ ನೋಡಿಯೇ ಅಂಕ ಕೊಡುತ್ತಾರೆ. ಪೇಸರ್ ಅಂತ ಕ್ರಮ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಮಾಡಿದ್ದು. 1ರಿಂದ 10 ಅಂಕ. ಪ್ರತಿ ಅಂಕಕ್ಕೂ ಫೋಟೋ ಇರುವ ಒಂದು ಕೈಪಿಡಿ ಇದೆ. ರಾಜ್ಯದ ಹೆದ್ದಾರಿ ಇಲಾಖೆಯವರು, ಕೌಂಟಿಯವರು, ಪ್ರಾದೇಶಿಕ ಯೋಜನಾ ಸಂಸ್ಥೆಯವರು ಒಂದೇ ಗಾಡಿಯಲ್ಲಿ ಕೂತು ನಿಧಾನಕ್ಕೆ ಹೋಗುತ್ತಾ ಲ್ಯಾಪ್‌ಟಾಪಿನಲ್ಲಿ ಅಂಕ ಹಾಕುತ್ತಾರೆ. 8ರಿಂದ 10 ಒಳ್ಳೆಯದು, 5ರಿಂದ 7 ಪರವಾಗಿಲ್ಲ, 1ರಿಂದ 4 ಕೆಟ್ಟದ್ದು.

ನನಗೆ ಹಿಡಿಸಿದ್ದು ಏನೆಂದರೆ ಅಂಕದ ಜೊತೆಗೇ ಮದ್ದು ಬರುತ್ತದೆ. 7 ಅಂದರೆ ಬಿರುಕಿಗೆ ಸೀಲ್ ಹಾಕಿ ಸಾಕು. 5 ಅಂದರೆ ಮೇಲೊಂದು ತೆಳು ಪದರ. 2 ಅಂದರೆ ಅಗೆದು ಹೊಸದಾಗಿ ಕಟ್ಟಬೇಕು. ಅಂಕ ಕೊಡುವವರು ಬರೇ ರಸ್ತೆ ಕೆಟ್ಟಿದೆ ಅನ್ನುವುದಿಲ್ಲ, ಏನು ಮಾಡಬೇಕು ಅಂತಲೂ ಹೇಳಿದ ಹಾಗಾಗುತ್ತದೆ.

ಹಳ್ಳಿ_ರಸ್ತೆ
ನಮ್ಮ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೂ 1ರಿಂದ 5 ಅಂಕ ಇದೆ. ಗಾಡಿ ಆರಾಮಾಗಿ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತಲೂ ನೋಡುತ್ತಾರೆ. ಸುಲಭ ಕ್ರಮ.

ಬಡಾವಣೆ_ಕಾರ್ಯದರ್ಶಿ
ಎಲ್ಲರಿಗೂ ಧನ್ಯವಾದ. ಎಇಇ ಸರ್, ಎರೆಮಣ್ಣಿಗೆ ಬೇರೆ ಲೆಕ್ಕ ಇದೆಯಾ? ನಮ್ಮಲ್ಲಿ ಬೇಸಿಗೆಯಲ್ಲಿ ರಸ್ತೆಯ ಅಂಚಿಗೆ ಉದ್ದುದ್ದ ಬಿರುಕು ಬೀಳುತ್ತದೆ. ಬೆರಳು ಹೋಗುವಷ್ಟು ಅಗಲ. ಮಳೆಗಾಲದಲ್ಲಿ ಅದೇ ಬಿರುಕು ಕೂಡಿಕೊಂಡ ಹಾಗೆ ಕಾಣುತ್ತದೆ.

ನಿವೃತ್ತ_ಎಇಇ
ಒಳ್ಳೆಯ ಪ್ರಶ್ನೆ ಮೇಡಂ. ಇದನ್ನು ಗಮನಿಸಿದ್ದೀರಿ ಅಂದರೆ ಅರ್ಧ ಕೆಲಸ ಆದ ಹಾಗೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ರಸ್ತೆಯ ನಡುವಿನ ಮಣ್ಣು ಡಾಂಬರಿನ ಕೆಳಗೆ ಮುಚ್ಚಿಕೊಂಡಿರುವುದರಿಂದ ಅಷ್ಟಾಗಿ ಒಣಗುವುದಿಲ್ಲ, ಅಂಚಿನದು ಮೊದಲು ಒಣಗುತ್ತದೆ. ಅದಕ್ಕೇ ಬಿರುಕು ಅಂಚಿನಲ್ಲಿ, ರಸ್ತೆಯ ಉದ್ದಕ್ಕೆ ಬೀಳುತ್ತದೆ. ಪಕ್ಕದಲ್ಲಿ ದೊಡ್ಡ ಮರ ಇದ್ದರೆ ಬೇರು ನೀರು ಎಳೆದು ಇನ್ನೂ ಜಾಸ್ತಿ.

ಈಗ ಮುಖ್ಯವಾದ ಮಾತು. ಬಿರುಕು ಎಲ್ಲಿದೆ ಅಂತ ಬರೆಯದೆ ಬರೇ ಎಷ್ಟಿದೆ ಅಂತ ಬರೆದರೆ ಉಪಯೋಗ ಇಲ್ಲ. ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದ ಬಿರುಕು ಇದ್ದರೆ ಭಾರ ತಡೆಯುವ ಶಕ್ತಿ ಹೋಗಿದೆ ಅಂತ. ಮೇಲೆ ಡಾಂಬರು ಬಳಿದರೆ ಮುಂದಿನ ಮಳೆಗೆ ಮತ್ತೆ ಅದೇ. ಅಂಚಿನ ಉದ್ದ ಬಿರುಕು ಆದರೆ ಮಣ್ಣಿನ, ನೀರಿನ ತೊಂದರೆ. ಅಂಚಿಗೆ ನೀರು ನಿಲ್ಲದಂತೆ ಮಾಡಿ, ಬಿರುಕನ್ನು ಡಾಂಬರಿನಿಂದ ಮುಚ್ಚಬೇಕು. ಎರಡಕ್ಕೂ ಖರ್ಚು ಬೇರೆ, ಮದ್ದು ಬೇರೆ.

ಇನ್ನೊಂದು ಗುರುತು ಹೇಳುತ್ತೇನೆ. ಮಳೆ ನಿಂತ ಮೇಲೆ ಬಿರುಕಿನ ಬಾಯಿಯ ಸುತ್ತ ನೋಡಿ. ಅಲ್ಲಿ ನುಣ್ಣನೆಯ ಮಣ್ಣು ಒಣಗಿ ಬೂದಿ ಬಣ್ಣದ ಕಲೆಯಂತೆ ಅಂಟಿಕೊಂಡಿದ್ದರೆ, ಗಾಡಿ ಹೋದಾಗಲೆಲ್ಲ ಕೆಳಗಿನ ನೀರು ಮಣ್ಣನ್ನು ಹೊತ್ತು ಮೇಲಕ್ಕೆ ಚಿಮ್ಮಿದೆ ಅಂತ ಅರ್ಥ. ಆ ಜಾಗದಲ್ಲಿ ತಳ ಟೊಳ್ಳಾಗುತ್ತಿದೆ. ಅಂಥ ರಸ್ತೆ ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತಿದ್ದರೂ ಅದಕ್ಕೆ ಅಂಕ ಕಡಿಮೆ ಹಾಕಿ.

ಸೈಟ್_ಸೂಪರ್‌ವೈಸರ್
ನಾನು ಗುತ್ತಿಗೆ ಕೆಲಸದಲ್ಲಿ ಇರುವವನು. ಯಾರೂ ಹೇಳದ ಒಂದು ವಿಷಯ: ಪಟ್ಟಿ ಮಾಡುವ ಮೊದಲು ಯಾವ ರಸ್ತೆ ಇನ್ನೂ ಡಿಎಲ್‌ಪಿಯಲ್ಲಿ ಇದೆ ಅಂತ ನೋಡಿಕೊಳ್ಳಿ. ದೋಷ ಹೊಣೆಗಾರಿಕೆ ಅವಧಿ. ಆ ಅವಧಿಯಲ್ಲಿ ಗುಂಡಿ ಬಿದ್ದರೆ ಕೆಲಸ ಮಾಡಿದ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು. ಅವಧಿ ಎಷ್ಟು ಅಂತ ಟೆಂಡರ್ ಕಾಗದದಲ್ಲಿ ಇರುತ್ತದೆ. ಅಂಥ ರಸ್ತೆಯನ್ನು ಕ್ರಿಯಾ ಯೋಜನೆಗೆ ಸೇರಿಸಿದರೆ ಜನರ ದುಡ್ಡು ಎರಡು ಸಲ ಹೋಗುತ್ತದೆ.

ಓಣಿಯ_ದನಿ
ಇದು ಚಿನ್ನದಂಥ ಮಾತು. ಆದರೆ ಆ ಕಾಗದ ನಮಗೆ ಕೊಡುವವರು ಯಾರು?

ಸೈಟ್_ಸೂಪರ್‌ವೈಸರ್
ಮೊದಲು ಜೆಇ (ಕಿರಿಯ ಎಂಜಿನಿಯರ್) ಹತ್ತಿರ ಬಾಯಿಮಾತಲ್ಲಿ ಕೇಳಿ, ಎಷ್ಟೋ ಜನ ಕೊಡುತ್ತಾರೆ. ಇಲ್ಲವಾದರೆ ಆರ್‌ಟಿಐ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ರಸ್ತೆಯ ಹೆಸರು, ಕೊನೆಯ ಕೆಲಸ ಮುಗಿದ ತಾರೀಕು, ಡಿಎಲ್‌ಪಿ ಮುಗಿಯುವ ತಾರೀಕು, ಅಳತೆ ಪುಸ್ತಕದ ಪ್ರತಿ. ಇಷ್ಟೇ ಕೇಳಿ. ಉದ್ದುದ್ದ ಪ್ರಶ್ನೆ ಬರೆದರೆ ಉತ್ತರ ತಡ.

ಹಂಪು_ಬೇಡ
ರಸ್ತೆ ಸಮೀಕ್ಷೆ ಮಾಡುವಾಗ ಹಂಪುಗಳನ್ನೂ ಬರೆದುಕೊಳ್ಳಿ ಪ್ಲೀಸ್. ನಮ್ಮ ಬೀದಿಯಲ್ಲಿ ಮೂರು ಮನೆಯವರು ಸೇರಿ ತಾವೇ ಸಿಮೆಂಟ್ ಹಂಪು ಹಾಕಿಸಿದ್ದಾರೆ. ನಮ್ಮ ಅಮ್ಮನಿಗೆ ಬೆನ್ನು ನೋವು, ಆಟೋದಲ್ಲಿ ಕರೆದುಕೊಂಡು ಹೋಗುವಾಗ ಜೀವ ಬಾಯಿಗೆ ಬರುತ್ತದೆ.

ಸಿವಿಲ್_ವಿದ್ಯಾರ್ಥಿ_ಎಂಟೆಕ್
ಐಆರ್‌ಸಿ 99ರ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ದುಂಡಗೆ ಇರಬೇಕು. ಒಂದಡಿ ಅಗಲದ ಸಿಮೆಂಟ್ ದಿಂಡು ಹಂಪು ಅಲ್ಲ, ಅಡ್ಡಿ. ಮತ್ತೆ ಅದು ಮಳೆ ನೀರನ್ನೂ ತಡೆಯುತ್ತದೆ, ಹಂಪಿನ ಹಿಂದೆಯೇ ಮೊದಲ ಗುಂಡಿ ಬೀಳುತ್ತದೆ. ಹಾಗಾಗಿ ಬರೆದುಕೊಳ್ಳುವುದು ಸರಿಯೇ.

ಗಾಡಿ_ಬಸಣ್ಣ
ಹಂಪು ತೆಗೆಸಿದರೆ ಹುಡುಗರು ಬೈಕ್ ಎತ್ತರಿಸಿಕೊಂಡು ಓಡಿಸುತ್ತಾರೆ. ಅದಕ್ಕೇ ಹಾಕಿಸಿದ್ದು ಜನ.

ಮಲ್ನಾಡ್_ಮಾಣಿ
ಹಂಪಿಗೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೇ. ಇಲ್ಲಿ ಪಟ್ಟಿಯ ಮಾತು ಮುಗಿಯಲಿ.

ನಿವೃತ್ತ_ಎಇಇ
ಈಗ ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರುತ್ತೇನೆ. ಅಂಕ ಕೊಟ್ಟಾಯಿತು ಅಂದುಕೊಳ್ಳಿ. ಅತಿ ಕಡಿಮೆ ಅಂಕದ ರಸ್ತೆಯಿಂದ ಶುರು ಮಾಡಿ ದುಡ್ಡು ಮುಗಿಯುವವರೆಗೆ ಹೋಗಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಹಾಗೆ ಮಾಡಬೇಡಿ ಅಂತ ನಾನು ಹೇಳುತ್ತೇನೆ.

ರಸ್ತೆ ಒಂದೇ ಸಮನೆ ಹಾಳಾಗುವುದಿಲ್ಲ. ನಿರ್ವಹಣೆಯ ಪಾಠದಲ್ಲಿ ಎಲ್ಲರೂ ತೋರಿಸುವ ಒಂದು ರೇಖೆ ಇದೆ. ಆಯಸ್ಸಿನ ಮುಕ್ಕಾಲು ಭಾಗ ಕಳೆಯುವಾಗ ಗುಣ ಶೇ. 40ರಷ್ಟು ಇಳಿಯುತ್ತದೆ. ಅಲ್ಲಿಂದ ಮುಂದೆ ಬರೇ ಶೇ. 12 ಆಯಸ್ಸಿನಲ್ಲಿ ಇನ್ನೊಂದು ಶೇ. 40 ಇಳಿಯುತ್ತದೆ. ಮೊದಲ ಹಂತದಲ್ಲಿ ಒಂದು ರೂಪಾಯಿಗೆ ಆಗುವ ಕೆಲಸಕ್ಕೆ ಆಮೇಲೆ ಆರರಿಂದ ಎಂಟು ರೂಪಾಯಿ ಬೇಕು. ಪೂರ್ತಿ ಹಾಳಾದ ರಸ್ತೆ ಈ ವರ್ಷ ಬಿಟ್ಟರೂ ಮುಂದಿನ ವರ್ಷ ಹೆಚ್ಚು ಕಡಿಮೆ ಅಷ್ಟೇ ಖರ್ಚು. ಆದರೆ ಈಗ ಬಿರುಕು ಶುರುವಾದ ರಸ್ತೆಯನ್ನು ಬಿಟ್ಟರೆ ಎರಡು ಮಳೆಗಾಲದಲ್ಲಿ ಅದೂ ಪೂರ್ತಿ ಹಾಳಾದ ಸಾಲಿಗೆ ಸೇರುತ್ತದೆ.

ಓಣಿಯ_ದನಿ
ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಪೂರ್ತಿ ಹಾಳಾದ ರಸ್ತೆಗಳು ಯಾವುವು? ಯಾವತ್ತೂ ಸರಿಯಾಗಿ ಮಾಡದ ಓಣಿಗಳು. ನಿಮ್ಮ ಲೆಕ್ಕದ ಪ್ರಕಾರ ಚೆನ್ನಾಗಿರುವ ರಸ್ತೆಯವರಿಗೇ ಮತ್ತೆ ದುಡ್ಡು, ಕೆಸರಿನಲ್ಲಿ ಇರುವವರು ಕಾಯಬೇಕು. ಲೆಕ್ಕ ಸರಿ ಇರಬಹುದು, ನ್ಯಾಯ ಎಲ್ಲಿದೆ? ಆಂಬುಲೆನ್ಸ್ ಒಳಗೆ ಬರದ ಓಣಿಯ ಬಸುರಿ ಹೆಂಗಸಿಗೆ ನಿಮ್ಮ ರೇಖೆ ತೋರಿಸಲು ಆಗುತ್ತದಾ?

ಸೈಟ್_ಸೂಪರ್‌ವೈಸರ್
ಅಲ್ಲದೆ ಆ ಒಂದಕ್ಕೆ ಎಂಟರ ಲೆಕ್ಕ ಅಮೆರಿಕದ ರಸ್ತೆಯದು. ನಮ್ಮಲ್ಲಿ ತಳವನ್ನೇ ಸರಿಯಾಗಿ ರೋಲ್ ಮಾಡದೆ ಮೇಲೆ ಹಾಸಿರುವ ರಸ್ತೆಗಳು ಇವೆ. ಅವು ಆ ರೇಖೆಯನ್ನು ಕೇಳುವುದಿಲ್ಲ, ಎರಡನೇ ಮಳೆಗೇ ಹೋಗುತ್ತವೆ.

ಮಲ್ನಾಡ್_ಮಾಣಿ
ನಾನು ಎಇಇ ಸಾರ್ ಪರ. ನಮ್ಮ ಮನೆ ಹೆಂಚಿನದು. ಒಂದು ಹೆಂಚು ಒಡೆದಾಗಲೇ ಬದಲಿಸುತ್ತೇವೆ, ಪಕಾಸು ಕೊಳೆಯುವವರೆಗೆ ಕಾಯುವುದಿಲ್ಲ. ರಸ್ತೆಯೂ ಹಾಗೇ.

ಓಣಿಯ_ದನಿ
ಹೆಂಚು ಇರುವ ಮನೆಗೆ ಸರಿ ಅಣ್ಣಾ. ಸೂರೇ ಇಲ್ಲದವರ ಮಾತು ನಾನು ಹೇಳುತ್ತಿರುವುದು.

ನಿವೃತ್ತ_ಎಇಇ
ತಂಗಿ ಹೇಳುವುದರಲ್ಲಿ ನ್ಯಾಯ ಇದೆ. ಹಾಗಾಗಿ ದುಡ್ಡನ್ನು ಒಂದೇ ಪಟ್ಟಿಗೆ ಹಾಕಬೇಡಿ, ಮೊದಲೇ ಮೂರು ಪಾಲು ಮಾಡಿ ಅನ್ನುವುದು ನನ್ನ ಸಲಹೆ. ಒಂದು ಪಾಲು ದಿನನಿತ್ಯದ ಗುಂಡಿ, ಚರಂಡಿ ಕೆಲಸಕ್ಕೆ, ಇದು ಎಲ್ಲ ಓಣಿಗೂ. ಒಂದು ಪಾಲು ಇನ್ನೂ ಉಳಿಸಬಹುದಾದ ರಸ್ತೆಗಳಿಗೆ: ಬಿರುಕು ಮುಚ್ಚುವುದು, ಮೇಲೆ ತೆಳು ಹೊದಿಕೆ ಹಾಕುವ ಸೀಲ್ ಕೋಟ್, ಸ್ಲರಿ ಸೀಲ್, ಮೈಕ್ರೋಸರ್ಫೇಸಿಂಗ್ ಇಂಥವು. ಕೊನೆಯ ಎರಡಕ್ಕೂ ಐಆರ್‌ಸಿಯದೇ ಮಾರ್ಗಸೂಚಿ ಇದೆ, ಎಸ್‌ಪಿ 81. ಉಳಿದ ಪಾಲು ಅಗೆದು ಹೊಸದಾಗಿ ಕಟ್ಟುವ ರಸ್ತೆಗಳಿಗೆ. ಈ ಮೂರನೇ ಪಾಲಿನೊಳಗೆ ಯಾರು ಮೊದಲು ಅನ್ನುವಾಗ ಅಂಕ ಮಾತ್ರ ನೋಡಬೇಡಿ. ಶಾಲೆ ಇದೆಯಾ, ಆಸ್ಪತ್ರೆಗೆ ಹೋಗುವ ದಾರಿಯಾ, ಆ ಓಣಿಗೆ ಬೇರೆ ದಾರಿಯೇ ಇಲ್ಲವಾ ನೋಡಿ. ಹಾಗೆ ನೋಡಿದರೆ ಶಾಲೆ ಹಿಂದಿನ ಓಣಿ ತಾನಾಗೇ ಮೇಲೆ ಬರುತ್ತದೆ.

ಎರಡನೇ ಪಾಲನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಚೆನ್ನಾಗಿರುವ ರಸ್ತೆಗೆ ಯಾಕೆ ದುಡ್ಡು ಅಂತ ಪ್ರತಿ ವರ್ಷ ಅದನ್ನೇ ಮೊದಲು ಕತ್ತರಿಸುತ್ತಾರೆ. ನಾನು ನೌಕರಿಯಲ್ಲಿ ಇದ್ದಷ್ಟು ಕಾಲ ಇದೇ ನೋಡಿದ್ದು. ಹೀಗೆ ಕತ್ತರಿಸಿದ್ದರಿಂದಲೇ ಬಡವರ ಓಣಿಗೆ ಹೋಗಬೇಕಾದ ದುಡ್ಡು ಕೊನೆಗೆ ಮುಖ್ಯ ರಸ್ತೆ ಮತ್ತೆ ಕಟ್ಟಲು ಹೋಗುತ್ತದೆ.

ಓಣಿಯ_ದನಿ
ಮೂರು ಪಾಲು ಅಂದರೆ ಒಪ್ಪುತ್ತೇನೆ. ಆದರೆ ಮೂರನೇ ಪಾಲು ಎಷ್ಟು ಅಂತ ಸಭೆಯಲ್ಲಿ ಎಲ್ಲರ ಎದುರಿಗೇ ಹೇಳಬೇಕು. ಇಲ್ಲದಿದ್ದರೆ ಅದೇ ಕರಗಿ ಹೋಗುತ್ತದೆ.

ಯುಜಿಡಿ_ನೊಂದವಳು
ಎಲ್ಲ ಸರಿ, ಒಂದು ಕಾಲಂ ಬಿಟ್ಟಿದ್ದೀರಿ. ಈ ರಸ್ತೆಯನ್ನು ಮುಂದೆ ಯಾರು ಅಗೆಯುತ್ತಾರೆ? ನಮ್ಮ ಬೀದಿಗೆ ಚೆಂದದ ಡಾಂಬರು ಹಾಕಿದರು. ಹೂವಿನ ಹಾಗೆ ನೋಡಿಕೊಂಡೆವು. ಅದೇ ವರ್ಷ ಕುಡಿಯುವ ನೀರಿನ ಪೈಪಿಗೆ ನಡುವೆ ಸೀಳಿದರು. ಮುಚ್ಚುವಾಗ ತೆಗೆದ ಮಣ್ಣನ್ನೇ ಸುರಿದು ಹೋದರು, ಮಳೆಗೆ ಆ ಸಾಲು ಪೂರ್ತಿ ಕುಸಿಯಿತು. ರಸ್ತೆಗೆ ಹಾಕಿದ್ದು ಜನರ ದುಡ್ಡು, ಪೈಪಿಗೆ ಹಾಕಿದ್ದೂ ಜನರ ದುಡ್ಡು. ಇಬ್ಬರೂ ಒಂದು ಸಲ ಕೂತು ಮಾತಾಡಿದ್ದರೆ ಆಗುತ್ತಿತ್ತು.

ಸೈಟ್_ಸೂಪರ್‌ವೈಸರ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ನೀರು, ಒಳಚರಂಡಿ, ಗ್ಯಾಸ್, ಕೇಬಲ್, ಈ ನಾಲ್ವರನ್ನೂ ಕೇಳದೆ ಯಾವ ರಸ್ತೆಗೂ ಹೊಸ ಪದರ ಬೇಡ. ಮುಚ್ಚುವಾಗ ಪದರ ಪದರವಾಗಿ ಮಣ್ಣು ಹಾಕಿ, ನೀರು ಹಾಕಿ, ದಮ್ಮಸ್ಸು ಮಾಡಬೇಕು. ಒಂದೇ ಸಲ ಸುರಿದರೆ ಮಳೆ ಬಂದಾಗ ಕೂತೇ ಕೂರುತ್ತದೆ. ಸಮೀಕ್ಷೆಯಲ್ಲಿ ಅಗೆದು ಮುಚ್ಚಿದ ಸಾಲು ಎಷ್ಟು ಉದ್ದ, ಎಷ್ಟು ಕುಸಿದಿದೆ ಅಂತ ಬೇರೆ ಬರೆಯಿರಿ. ಅದಕ್ಕೆ ರಸ್ತೆ ಪೂರ್ತಿ ಮಾಡಬೇಕಾಗಿಲ್ಲ, ಆ ಸಾಲನ್ನು ಮಾತ್ರ ಸರಿ ಮಾಡಿದರೆ ಸಾಕಾಗುವುದು ಜಾಸ್ತಿ.

ಹಳೇಪೇಟೆ_ಅಜ್ಜ
ಮನೆಯ ಹೊಸ್ತಿಲು ನೋಡುವುದನ್ನು ಮರೆಯಬೇಡಿ ಮಕ್ಕಳೇ. ನಮ್ಮ ಪೇಟೆಯಲ್ಲಿ ಹಳೇ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಮತ್ತೊಂದು. ಮೊದಲು ಮೂರು ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಿದ್ದೆವು. ಈಗ ಒಂದೇ ಮೆಟ್ಟಿಲು. ಎದುರು ಮನೆಯವರಿಗೆ ಅದೂ ಇಲ್ಲ, ಮಳೆ ನೀರು ನೇರ ಪಡಸಾಲೆಗೆ.

ನಿವೃತ್ತ_ಎಇಇ
ಅಜ್ಜನವರ ಮಾತು ಫಾರಂನಲ್ಲಿ ಸೇರಲೇಬೇಕು. ರಸ್ತೆಯ ಮಟ್ಟಕ್ಕೂ ಹೊಸ್ತಿಲಿಗೂ ಎಷ್ಟು ಅಂತರ ಅಂತ ಅಳೆದು ಬರೆಯಿರಿ. ಅಂತರ ಕಡಿಮೆ ಇದ್ದರೆ ಹಳೇ ಪದರವನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆದೇ ಹೊಸದು ಹಾಕಬೇಕು ಅಂತ ಷರಾ ಹಾಕಿ. ಎಸ್ಟಿಮೇಟಿನಲ್ಲಿ ಅದು ಬರಲಿ.

ಮಿಷಿಗನ್_ಕನ್ನಡಿಗ
ಇನ್ನೊಂದು ಅನುಭವದ ಮಾತು. ಇಬ್ಬರು ಒಂದೇ ರಸ್ತೆಗೆ ಬೇರೆ ಬೇರೆ ಅಂಕ ಕೊಡುವುದು ಸಹಜ. ಇಲ್ಲಿ ಅದಕ್ಕೆ ಪ್ರತಿ ವರ್ಷ ತರಬೇತಿ ಇದೆ. ನೀವು ಶುರು ಮಾಡುವ ದಿನ ಎಲ್ಲರೂ ಒಟ್ಟಿಗೆ ಒಂದು ಒಳ್ಳೆಯ, ಒಂದು ನಡುವಿನ, ಒಂದು ಕೆಟ್ಟ ರಸ್ತೆ ನೋಡಿ, ಮಾತಾಡಿ, ಅಂಕ ಒಂದು ಮಾಡಿಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಆಮೇಲೆ ಇಬ್ಬಿಬ್ಬರ ಜೋಡಿ ಮಾಡಿ. ಯಾರೂ ತಮ್ಮ ಬೀದಿಗೆ ತಾವೇ ಅಂಕ ಹಾಕುವಂತಿಲ್ಲ.

ಟೆಕ್_ಗಿರಿ
ಆ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಅಂಕಗಳನ್ನು ನಕ್ಷೆಗೆ ಹಾಕಿಕೊಡುವ ಕೆಲಸ ನನಗೆ ಕೊಡಿ ಅಕ್ಕ. ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರಿನಲ್ಲಿ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ವಾರ್ಡ್ ನಕ್ಷೆ ಮಾಡಿಕೊಡುತ್ತೇನೆ, ದುಡ್ಡು ಬೇಡ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸಭೆಯ ಗೋಡೆಗೆ ಅಂಟಿಸಿ. ಯಾವ ಓಣಿ ಬಿಟ್ಟುಹೋಗಿದೆ ಅಂತ ಎಲ್ಲರಿಗೂ ಕಾಣಲಿ.

ಸಿವಿಲ್_ವಿದ್ಯಾರ್ಥಿ_ಎಂಟೆಕ್
ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗವನ್ನೂ ಕೇಳಿ. ಕೆಲವು ಕಡೆ ಮೆರ್ಲಿನ್ ಅನ್ನುವ ಸರಳ ಯಂತ್ರ ಇರುತ್ತದೆ. ಮುಂದೆ ಒಂದು ಸೈಕಲ್ ಚಕ್ರ, ಹಿಂದೆ ಒಂದು ಕಾಲು, ನಡುವೆ ರಸ್ತೆ ಮುಟ್ಟುವ ಒಂದು ಸಣ್ಣ ಕಡ್ಡಿ. ತಳ್ಳಿಕೊಂಡು ಹೋಗಿ 200 ಕಡೆ ಗುರುತು ಹಾಕಿದರೆ ಒರಟುತನ ಗೊತ್ತಾಗುತ್ತದೆ. ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ಬಡ ದೇಶಗಳಿಗೆಂದೇ ಮಾಡಿದ್ದು. ಓಣಿಯಲ್ಲಿ ವೇಗದ ತೊಂದರೆಯೂ ಇಲ್ಲ.

ಬಸ್ಸು, ಲಾರಿ ಓಡುವ ಮುಖ್ಯ ರಸ್ತೆಗೆ ಮಾತ್ರ ಬೆಂಕಲ್‌ಮನ್ ಬೀಮ್ ಪರೀಕ್ಷೆ ಮಾಡಿಸಿ ಅಂತ ಪೌರಾಯುಕ್ತರಿಗೆ ಬರೆಯಿರಿ. ಹಿಂದಿನ ಅಚ್ಚಿನ ಮೇಲೆ 8,170 ಕೆ.ಜಿ. ಭಾರ ಇರುವ ಲಾರಿ ನಿಲ್ಲಿಸಿ, ಅದು ಸರಿದಾಗ ರಸ್ತೆ ಎಷ್ಟು ಮೇಲೇಳುತ್ತದೆ ಅಂತ ಅಳೆಯುತ್ತಾರೆ. ಒಳಗಿನ ಬಲ ಗೊತ್ತಾಗುವುದು ಅದರಿಂದ. ಮಳೆಗಾಲ ಮುಗಿದ ಕೂಡಲೇ ಮಾಡಬೇಕು, ಆಗ ಮಣ್ಣು ಅತಿ ಮೆತ್ತಗಿರುತ್ತದೆ.

ಬಡಾವಣೆ_ಕಾರ್ಯದರ್ಶಿ
ನಾವು ಕಣ್ಣಿನ ಸಮೀಕ್ಷೆಯನ್ನು ಯಾವಾಗ ಮಾಡಬೇಕು?

ನಿವೃತ್ತ_ಎಇಇ
ಅಕ್ಟೋಬರ್ ಕೊನೆ, ನವೆಂಬರ್. ಮಳೆಯ ಪೆಟ್ಟು ಎಲ್ಲ ಕಾಣುತ್ತಿರುತ್ತದೆ, ತೇಪೆ ಹಾಕಿ ಮುಚ್ಚಿರುವುದಿಲ್ಲ. ಬಜೆಟ್ ತಯಾರಿಗೂ ಸಮಯ ಸಿಗುತ್ತದೆ. ಜೊತೆಗೆ ಜೋರು ಮಳೆಯ ದಿನ ಒಂದು ಸಲ ಕೊಡೆ ಹಿಡಿದು ಸುತ್ತಿ ಬನ್ನಿ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ರಸ್ತೆಗೆ ಹರಿಯುತ್ತದೆ ಅಂತ ಫೋಟೋ ತೆಗೆದುಕೊಳ್ಳಿ. ಬಿಸಿಲಲ್ಲಿ ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ. ಜೆಇ ಅವರನ್ನೂ ಕರೆಯಿರಿ. ಅವರ ಮೇಲೆ ಹತ್ತಾರು ವಾರ್ಡಿನ ಹೊರೆ ಇರುತ್ತದೆ, ನೀವು ಸಿದ್ಧ ಮಾಡಿದ ಪಟ್ಟಿ ಸಿಕ್ಕರೆ ಸಂತೋಷವೇ ಪಡುತ್ತಾರೆ.

ಬಡಾವಣೆ_ಕಾರ್ಯದರ್ಶಿ
ಸರಿ, ಇಷ್ಟನ್ನೂ ಸೇರಿಸಿ ಫಾರಂ ಮಾಡುತ್ತಿದ್ದೇನೆ. ಪ್ರತಿ 100 ಮೀಟರಿಗೆ ಒಂದು ಹಾಳೆ. ಬಿರುಕು ಎಲ್ಲಿ, ಎಷ್ಟು, ಜಲ್ಲಿ ಕಿತ್ತಿದೆಯಾ, ಗುಂಡಿ, ಜಾಡಿನ ತಗ್ಗು, ಅಗೆದ ಸಾಲು, ಚರಂಡಿ, ನೀರು ನಿಲ್ಲುವ ಜಾಗ, ಹೊಸ್ತಿಲ ಅಂತರ, ಡಿಎಲ್‌ಪಿ, ಮುಂದೆ ಪೈಪು ಬರುತ್ತದಾ. ಹಳೇ ಪಟ್ಟಿಯನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ನಗರಸಭೆ ಸದಸ್ಯರಿಗೆ ಹೇಳಿದ್ದೇನೆ, ನವೆಂಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಮೊದಲ ದಿನ ಶಾಲೆ ಹಿಂದಿನ ಓಣಿಯಿಂದಲೇ ಶುರು, ಅಲ್ಲಿನ ಇಬ್ಬರು ಹೆಣ್ಣುಮಕ್ಕಳು ಜೋಡಿಗೆ ಸೇರುತ್ತೇವೆ ಎಂದಿದ್ದಾರೆ. ಗಿರಿ ಅವರೇ, ನಕ್ಷೆಗೆ ನಿಮ್ಮನ್ನೇ ಕೇಳುತ್ತೇನೆ.

ಒಂದು ಪ್ರಶ್ನೆ ಉಳಿಯಿತು. ವಾರ್ಡಿನಲ್ಲಿ ಕಾಂಕ್ರೀಟ್ ರಸ್ತೆಗಳೂ ಇವೆ. ಅದಕ್ಕೂ ಇದೇ ಫಾರಂ ನಡೆಯುತ್ತದಾ?

ಸಿವಿಲ್_ವಿದ್ಯಾರ್ಥಿ_ಎಂಟೆಕ್
ಇಲ್ಲ ಅಕ್ಕ, ಅದಕ್ಕೆ ಬೇರೆ ಹಾಳೆ ಮಾಡಿ. ಕಾಂಕ್ರೀಟಿಗೆ ಮೀಟರ್ ಲೆಕ್ಕ ಬೇಡ, ಸ್ಲ್ಯಾಬ್ ಲೆಕ್ಕ ಹಿಡಿಯಿರಿ. ಎಷ್ಟು ಸ್ಲ್ಯಾಬಿನಲ್ಲಿ ಅಡ್ಡ ಬಿರುಕು ಇದೆ, ಎಷ್ಟರ ಮೂಲೆ ಮುರಿದಿದೆ, ಕೂಡುವಲ್ಲಿ ಒಂದು ಸ್ಲ್ಯಾಬ್ ಮೇಲೆ ಒಂದು ಕೆಳಗೆ ಆಗಿದೆಯಾ, ಜಾಯಿಂಟಿನಲ್ಲಿ ತುಂಬಿದ ಸೀಲಂಟ್ ಇದೆಯಾ ಕಿತ್ತುಹೋಗಿದೆಯಾ.

ನಿವೃತ್ತ_ಎಇಇ
ಸೀಲಂಟ್ ಇಲ್ಲದ ಜಾಯಿಂಟುಗಳನ್ನು ಮೊದಲ ಪುಟದಲ್ಲೇ ಬರೆಯಿರಿ. ಎರೆಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿದ ಕಡೆ ನೀರು ಇಳಿಯುವ ಬಾಗಿಲು ಅದೇ. ತುಂಬಿಸುವ ಖರ್ಚು ತುಂಬಾ ಕಡಿಮೆ, ಈ ವರ್ಷವೇ ಮಾಡಿಸಬಹುದು.